ಲಿಂಡ್‌ಕ್ವಿಸ್ಟ್, ಲಿಂಡ್‌ಬರ್ಗ್, ಲಿಂಡ್‌ಗ್ರೇನ್: ಸ್ವೀಡನ್ನಿನ ಅಡ್ಡಹೆಸರುಗಳಲ್ಲಿ ಇಷ್ಟೊಂದು ಲಿಂಡ್ ಮರಗಳು ಎಲ್ಲಿಂದ ಬಂದವು?

ಶಿರಸಿ ಓದುಗ

ನಮ್ಮ ಕಚೇರಿಯ ಕೆಲಸ ಬಹುಪಾಲು ಸ್ಟಾಕ್‌ಹೋಮ್‌ನ ತಂಡದೊಂದಿಗೆ ನಡೆಯುತ್ತದೆ. ಅವರ ಪಟ್ಟಿಯನ್ನು ತೆರೆದರೆ ಲಿಂಡ್‌ಬರ್ಗ್, ಲಿಂಡ್‌ಸ್ಟ್ರೋಮ್, ಲಿಂಡ್‌ಕ್ವಿಸ್ಟ್, ಲಿಂಡ್‌ಗ್ರೇನ್, ಲಿಂಡೆಲ್ ಎಂಬ ಹೆಸರುಗಳು ಒಂದರ ಕೆಳಗೊಂದು ಸಾಲುಗಟ್ಟಿರುತ್ತವೆ. ಇವರೆಲ್ಲ ದಾಯಾದಿಗಳೇ ಎಂದು ಒಬ್ಬರನ್ನು ಕೇಳಿದಾಗ ಅವರು ನಕ್ಕು, ತಮ್ಮ ಮುತ್ತಜ್ಜನ ಹೆಸರೇ ಬೇರೆಯಾಗಿತ್ತೆಂದು ಹೇಳಿ ಮಾತು ಮುಗಿಸಿದರು. ‘ಲಿಂಡ್’ ಒಂದು ಮರ, ‘ಕ್ವಿಸ್ಟ್’ ಎಂದರೆ ರೆಂಬೆ ಎಂಬಷ್ಟು ನಿಘಂಟಿನಿಂದ ತಿಳಿಯಿತು. ಈ ಹೆಸರುಗಳು ಊರಿನಿಂದ ಬಂದವೇ, ಮನೆಯಂಗಳದ ಮರದಿಂದ ಬಂದವೇ, ಅಥವಾ ಯಾರೋ ಕುಳಿತು ಕಟ್ಟಿದವೇ? ಇಷ್ಟು ಜನರಿಗೆ ಹರಡಿದ್ದಾದರೂ ಹೇಗೆ? ತಿಳಿದವರು ವಿವರಿಸಬೇಕೆಂದು ವಿನಂತಿ.

ಗೋಥೆನ್‌ಬರ್ಗ್ ಕನ್ನಡತಿ

ಮೂರೂ ದಾರಿಗಳಿಂದ ಬಂದಿವೆ, ಆದರೆ ಮೂರನೆಯದರ ಪಾಲೇ ದೊಡ್ಡದು. ಇಲ್ಲಿಯ ಬಹುಪಾಲು ಲಿಂಡ್‌ಕ್ವಿಸ್ಟರ ಹಿಂದೆ ಗುರುತಿಸಿ ತೋರಿಸಬಹುದಾದ ಒಂದು ಮರವಿಲ್ಲ.

ಮೊದಲು ಹಿನ್ನೆಲೆ. ಸ್ವೀಡನ್ನಿನ ಹಳ್ಳಿಗರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಂಶಪಾರಂಪರ್ಯವಾದ ಅಡ್ಡಹೆಸರು ಇರಲಿಲ್ಲ. ನಿಲ್ಸ್ ಎಂಬವನ ಮಗ ಆಂಡರ್ಸ್ ಆದರೆ ಅವನು ಆಂಡರ್ಸ್ ನಿಲ್ಸನ್, ಮಗಳು ಕರಿನ್ ಆದರೆ ಅವಳು ಕರಿನ್ ನಿಲ್ಸ್‌ಡಾಟರ್. ಆಂಡರ್ಸನ ಮಗ ಮತ್ತೆ ಆಂಡರ್ಸನ್. ತಲೆಮಾರು ಬದಲಾದಂತೆ ಹೆಸರೂ ಬದಲಾಗುತ್ತಿತ್ತು, ಮದುವೆಯಾದ ಮೇಲೂ ಹೆಣ್ಣುಮಕ್ಕಳು ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದರು. ಸ್ಥಿರವಾದ ಮನೆತನದ ಹೆಸರು ಮೊದಲು ಬಂದದ್ದು ಮೇಲ್ವರ್ಗಕ್ಕೆ. 1626ರಲ್ಲಿ ಕುಲೀನ ಮನೆತನಗಳ ಸಭೆಯಾದ ರಿದ್ದರ್‌ಹೂಸೆಟ್‌ಗೆ ವ್ಯವಸ್ಥಿತ ರೂಪ ಬಂದಾಗ ಅಲ್ಲಿ ನೋಂದಾಯಿಸುವ ಮನೆತನಕ್ಕೆ ಒಂದು ಹೆಸರೂ ಲಾಂಛನವೂ ಬೇಕಾದವು. ಚಿನ್ನದ ನಕ್ಷತ್ರ ಎಂಬ ಅರ್ಥದ ಯಿಲ್ಲೆನ್‌ಶೆರ್ನ, ಲಾರೆಲ್ ಎಲೆಯ ಹಾರವನ್ನು ಸೂಚಿಸುವ ಲಾಗರ್‌ಕ್ರಾಂಟ್ಸ್ ಮೊದಲಾದ ಎರಡು ತುಂಡಿನ ಹೆಸರುಗಳು ಕುಲೀನರಲ್ಲಿ ರೂಢಿಯಾದವು. ಪಟ್ಟಣದ ವ್ಯಾಪಾರಿಗಳೂ ಕುಶಲಕರ್ಮಿಗಳೂ ಅದೇ ಮಾದರಿಯನ್ನು ಅನುಕರಿಸಿದರು, ಆದರೆ ಚಿನ್ನ, ಬೆಳ್ಳಿ, ಕಿರೀಟಗಳ ಗೊಡವೆಗೆ ಹೋಗದೆ ಸುತ್ತಲಿನ ನಿಸರ್ಗವನ್ನು ಆರಿಸಿಕೊಂಡರು.

ಹೀಗೆ ಒಂದು ಭಂಡಾರ ಬೆಳೆಯಿತು. ಮೊದಲ ತುಂಡಿಗೆ ಲಿಂಡ್, ಏಕ್ ಎಂಬ ಓಕ್, ಬ್ಯೋರ್ಕ್ ಎಂಬ ಬರ್ಚ್, ಆಲ್ಮ್ ಎಂಬ ಎಲ್ಮ್, ಬೆಟ್ಟವೆಂಬ ಬೆರ್ಗ್, ಕೆರೆ ಅಥವಾ ಸಮುದ್ರವೆಂಬ ಷೋ, ತೋಪು ಎಂಬ ಲುಂಡ್. ಎರಡನೆಯದಕ್ಕೆ ಕೊಂಬೆ ಎಂಬ ಗ್ರೇನ್, ರೆಂಬೆ ಎಂಬ ಕ್ವಿಸ್ಟ್, ಎಲೆ ಎಂಬ ಬ್ಲಾಡ್, ಹೊಳೆ ಎಂಬ ಸ್ಟ್ರೋಮ್, ನಡುಗಡ್ಡೆ ಎಂಬ ಹೋಲ್ಮ್, ಮತ್ತೆ ಬೆರ್ಗ್. ಎರಡೂ ಕಡೆಯಿಂದ ಒಂದೊಂದನ್ನು ಆರಿಸಿ ಜೋಡಿಸಿದರೆ ಹೆಸರು ಸಿದ್ಧ. ಅರ್ಥ ಹೊಂದಲೇಬೇಕೆಂಬ ನಿಯಮವಿರಲಿಲ್ಲ. ಲಿಂಡ್‌ಗ್ರೇನ್ ಎಂದರೆ ಲಿಂಡ್ ಮರದ ಕೊಂಬೆ, ಅದು ಸರಿ. ಲಿಂಡ್‌ಸ್ಟ್ರೋಮ್ ಎಂಬ ಹೊಳೆಯನ್ನು ಹುಡುಕಿಕೊಂಡು ನಕ್ಷೆ ಬಿಡಿಸಿದರೆ ಕಣ್ಣು ನೋಯುತ್ತದೆಯೇ ಹೊರತು ಫಲವಿಲ್ಲ. ಷೋಬರ್ಗ್ ಎಂದರೆ ಅಕ್ಷರಶಃ ಕೆರೆಬೆಟ್ಟ.

ಸಸ್ಯಪ್ರಿಯ

ಮರದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ನಾಡಿನಲ್ಲಿ ಇದು ಬೆಳೆಯುವುದಿಲ್ಲವಾದರೂ ಇಂದಿನ ವರ್ಗೀಕರಣದಲ್ಲಿ ಲಿಂಡ್ ನಮ್ಮ ದಾಸವಾಳ, ಹತ್ತಿಗಳ ಕುಟುಂಬಕ್ಕೇ ಸೇರಿದ್ದು. ಹೃದಯದಾಕಾರದ ಎಲೆ, ನಡುಬೇಸಿಗೆಯಲ್ಲಿ ಜೇನ್ನೊಣಗಳನ್ನು ಸೆಳೆಯುವ ನಸುಹಳದಿ ಹೂವು, ಹಗ್ಗ ಹೊಸೆಯಲು ಬರುವ ಒಳತೊಗಟೆಯ ನಾರು ಇದರ ಗುರುತುಗಳು. ಸ್ವೀಡನ್ನಿನ ಹಳೆಯ ಹೊಲಮನೆಗಳ ಅಂಗಳದಲ್ಲಿ ‘ವೋರ್ಡ್‌ಟ್ರೆಡ್’ ಎಂಬ ಕಾವಲು ಮರವನ್ನು ಉಳಿಸಿಕೊಳ್ಳುವ ರೂಢಿಯಿತ್ತು. ಅದರ ರೆಂಬೆ ಮುರಿದರೆ ಮನೆಗೆ ಕೇಡು ಎಂದು ಜನ ನಂಬುತ್ತಿದ್ದರು. ಲಿಂಡ್, ಆಶ್, ಎಲ್ಮ್ ಮರಗಳು ಈ ಸ್ಥಾನದಲ್ಲಿ ಹೆಚ್ಚಾಗಿ ಕಾಣುತ್ತಿದ್ದವು.

ನಿಜವಾದ ಒಂದು ಮರದಿಂದ ಬಂದ ಹೆಸರು ಬೇಕೆಂದರೆ ಸಸ್ಯಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸಸ್ಯಶಾಸ್ತ್ರಜ್ಞ ಕಾರ್ಲ್ ಲಿನೇಯಸ್‌ನದನ್ನು ನೋಡಬಹುದು. ಆತನ ತಂದೆ ನಿಲ್ಸ್ ಇಂಗೆಮಾರ್ಸನ್, ಅಂದರೆ ಇಂಗೆಮಾರನ ಮಗ. ಪಾದ್ರಿಯಾಗಲು ಲುಂಡ್ ವಿಶ್ವವಿದ್ಯಾಲಯ ಸೇರುವಾಗ ಮನೆತನದ ಹೆಸರು ಬೇಕಾಯಿತು. ಸ್ಮೋಲಂಡ್ ಪ್ರಾಂತ್ಯದಲ್ಲಿ ಅವರ ಕುಟುಂಬದ ಜಮೀನಿನಲ್ಲಿದ್ದ ದೊಡ್ಡ ಲಿಂಡ್ ಮರವನ್ನು ನೆನೆದು, ಆ ಮರದ ಸ್ಥಳೀಯ ಉಚ್ಚಾರವಾದ ‘ಲಿನ್’ಗೆ ಲ್ಯಾಟಿನ್ ಬಾಲ ಹಚ್ಚಿ ಲಿನೇಯಸ್ ಎಂದು ಬರೆಸಿಕೊಂಡರು. ಅದೇ ಮರದಿಂದ ಬಂಧುಗಳಲ್ಲಿ ಕೆಲವರು ಲಿಂಡೇಲಿಯಸ್ ಆದರು; ನಿಲ್ಸ್‌ನ ತಾಯಿಯ ಕಡೆಯವರು ಲ್ಯಾಟಿನ್ನಿನಲ್ಲಿ ಲಿಂಡ್ ಮರಕ್ಕಿರುವ ‘ಟೀಲಿಯಾ’ ಎಂಬ ಹೆಸರನ್ನು ಹಿಡಿದು ಟಿಲಿಯಾಂಡರ್ ಆದರು. ಒಂದು ಮರ, ಮೂರು ಮನೆತನದ ಹೆಸರು. 1707ರಲ್ಲಿ ಹುಟ್ಟಿದ ಮಗ ಕಾರ್ಲ್ ಮುಂದೆ ಕುಲೀನ ಪದವಿ ಪಡೆದು ‘ಫೊನ್ ಲಿನ್ನೇ’ ಎನಿಸಿಕೊಂಡನು. ಹೆಸರಿಗೆ ಮೂಲವಾದದ್ದು ಮರ. ಮುಂದೆ ಆ ಹೆಸರಿನಿಂದಲೇ ಉತ್ತರದ ಕಾಡಿನ ಪುಟ್ಟ ಹೂಬಳ್ಳಿಯೊಂದು ‘ಲಿನೇಯಾ ಬೊರಿಯಾಲಿಸ್’ ಆಯಿತು.

ಪ್ರಸಂಗವಶಾತ್, ನಮ್ಮ ಶ್ರೀಗಂಧದ ಸಸ್ಯನಾಮವನ್ನು ‘ಸ್ಯಾಂಟಲಮ್ ಆಲ್ಬಮ್ ಎಲ್.’ ಎಂದು ಬರೆಯುತ್ತೇವಲ್ಲ, ಕೊನೆಯ ‘ಎಲ್’ ಲಿನೇಯಸ್‌ನ ಸಂಕ್ಷಿಪ್ತ ರೂಪ. ಮಾವು, ಅರಳಿ, ಆಲಗಳ ಹೆಸರಿನ ಕೊನೆಗೂ ಅದೇ ಅಕ್ಷರವಿದೆ.

ವಂಶವೃಕ್ಷ

ಕನ್ನಡತಿಯವರು ಊರಿನ ಪಾಲನ್ನು ತೀರ ಕಡಿಮೆ ಮಾಡಿದರೆಂದು ನನ್ನ ಅಭಿಪ್ರಾಯ. ಖಗೋಳಶಾಸ್ತ್ರಜ್ಞ ಆಂಡರ್ಸ್ ಸೆಲ್ಸಿಯಸ್‌ನ ಮನೆತನದ ಹೆಸರು ‘ಹೋಗೆನ್’ ಎಂಬ ಜಾಗದ್ದು. ದಿಬ್ಬ ಎಂಬುದನ್ನು ಎತ್ತರ ಎಂಬರ್ಥದ ಲ್ಯಾಟಿನ್ ‘ಸೆಲ್ಸಸ್’ ಆಗಿ ಮಾಡಿದರು. ಸ್ಕೋನೆ ಪ್ರಾಂತ್ಯದ ನೊಬ್ಬೆಲೋವ್‌ನಿಂದ ನೊಬೆಲಿಯಸ್ ಹುಟ್ಟಿ, ಮುಂದಿನ ತಲೆಮಾರುಗಳಲ್ಲಿ ಬಾಲ ಉದುರಿ ನೊಬೆಲ್ ಉಳಿಯಿತು. ರಸಾಯನಶಾಸ್ತ್ರಜ್ಞ ಬರ್ಜೇಲಿಯಸ್‌ನ ಹೆಸರಿನ ಮೂಲವೂ ಒಂದು ಹೊಲಮನೆಯೇ. ಹಾಗಾಗಿ ‘ಲಿಂಡ್’ ಎಂಬ ಮೊದಲ ತುಂಡು ಎಷ್ಟೋ ಕಡೆ ಹುಟ್ಟೂರಿನ ಮೊದಲ ತುಂಡೇ ಆಗಿರಲು ಸಾಧ್ಯವಿದೆ. ‘ಲಿಂಡ್’ನಿಂದ ಆರಂಭವಾಗುವ ಸ್ಥಳನಾಮಗಳು ಆ ದೇಶದಲ್ಲಿ ಹೇರಳವಾಗಿವೆ.

ಗೋಥೆನ್‌ಬರ್ಗ್ ಕನ್ನಡತಿ

ವಂಶವೃಕ್ಷ ಅವರೇ, ನೀವು ಹೇಳಿದ ಮೂರೂ ಪಾದ್ರಿ ಮತ್ತು ವಿದ್ವಾಂಸ ವರ್ಗದ ಹೆಸರುಗಳು. ಆ ವರ್ಗದಲ್ಲಿ ಊರಿನ ಪಾಲು ನಿಜಕ್ಕೂ ದೊಡ್ಡದು. ಪಟ್ಟಣದವರಲ್ಲಿಯೂ ಹುಟ್ಟೂರಿನ ಮೊದಲ ತುಂಡನ್ನು ಇಟ್ಟುಕೊಂಡು ಎರಡನೆಯದನ್ನು ಮನಬಂದಂತೆ ಸೇರಿಸುವ ಪದ್ಧತಿ ಇತ್ತು. ಆದರೆ ಅದು ಸಾಧ್ಯತೆಯಷ್ಟೇ. ಚರ್ಚಿನ ದಾಖಲೆಯಲ್ಲಿ ಊರು ಕಾಣುವವರೆಗೆ ಹೆಸರಿನಿಂದ ಊರನ್ನು ಊಹಿಸಬಾರದು.

ಶಿರಸಿ ಓದುಗರು ಕೇಳಿದ ಲಿಂಡೆಲ್ ಎಂಬುದೂ ಈ ಲ್ಯಾಟಿನ್ ಬಾಲದ ಕಥೆಗೇ ಸೇರುತ್ತದೆ. ‘ಏಲಿಯಸ್’ ಮೊಟಕಾಗಿ ‘ಎಲ್’, ‘ಏನಿಯಸ್’ ಮೊಟಕಾಗಿ ‘ಏನ್’ ಆದವು. ಇವು ಮೊದಲು ಪಾದ್ರಿಗಳ ಮನೆಗಳಲ್ಲಿ ಹುಟ್ಟಿದ ಬಾಲಗಳು. ಆಮೇಲೆ ಲ್ಯಾಟಿನ್ ಗಂಧವಿಲ್ಲದವರೂ ಚೆಂದ ಕಂಡಿತೆಂದು ಲಿಂಡೆಲ್, ಲಿಂಡೇನ್ ಎಂದು ಇಟ್ಟುಕೊಂಡರು. ಹಾಗಾಗಿ ಬಾಲ ನೋಡಿ ಜಾತಕ ಹೇಳುವಂತಿಲ್ಲ.

ಇನ್ನು ಇಷ್ಟು ಜನರಿಗೆ ಹರಡಿದ್ದು ಹೇಗೆ ಎಂಬುದಕ್ಕೆ ಬರುತ್ತೇನೆ. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ ಸೈನಿಕರದ್ದು. 1682ರ ಸುಮಾರಿಗೆ ಹನ್ನೊಂದನೆಯ ಕಾರ್ಲ್ ದೊರೆ ಸೈನ್ಯಕ್ಕೆ ಹೊಸ ಏರ್ಪಾಟು ಮಾಡಿದನು. ಕೆಲವು ಹೊಲಮನೆಗಳನ್ನು ಸೇರಿಸಿ ‘ರೋಟೆ’ ಎಂಬ ಘಟಕ ಮಾಡಿ, ಪ್ರತಿ ರೋಟೆಯೂ ಒಬ್ಬ ಸೈನಿಕನನ್ನು ಒದಗಿಸಿ ಅವನಿಗೆ ಒಂದು ಗುಡಿಸಲು, ತುಂಡು ಜಮೀನು, ಬಟ್ಟೆಬರೆ ಕೊಡಬೇಕೆಂದು ಗೊತ್ತುಪಡಿಸಲಾಯಿತು. ಹಾಜರಿ ಕರೆಯುವಾಗ ‘ಆಂಡರ್ಸ್ ಆಂಡರ್ಸನ್’ ಎಂದರೆ ಒಂದೇ ತುಕಡಿಯಲ್ಲಿ ಹಲವರು ಓಗೊಡುವ ಪರಿಸ್ಥಿತಿ. ಅದಕ್ಕಾಗಿ ಸೇರುವಾಗಲೇ ಒಂದು ಚಿಕ್ಕ ಹೆಸರು ಕೊಡುತ್ತಿದ್ದರು. ಕಠಾರಿ ಎಂಬರ್ಥದ ಡೋಲ್ಕ್, ಗುರಾಣಿ ಎಂಬರ್ಥದ ಶೋಲ್ಡ್, ಧೈರ್ಯಶಾಲಿ ಎಂಬರ್ಥದ ಮೂದಿಗ್, ಚುರುಕಿನವನೆಂಬ ರಾಸ್ಕ್. ಜೊತೆಗೆ ಲಿಂಡ್, ಬೆರ್ಗ್, ಏಕ್, ಆಲ್ಮ್.

ಮುಖ್ಯವಾದ ಸಂಗತಿಯೆಂದರೆ ಈ ಹೆಸರು ಅನೇಕ ಕಡೆ ವ್ಯಕ್ತಿಗಲ್ಲ, ಆ ರೋಟೆಗೆ ಅಂಟಿಕೊಂಡಿರುತ್ತಿತ್ತು. ಲಿಂಡ್ ಎಂಬ ಸೈನಿಕ ಸತ್ತರೆ ಅಥವಾ ನಿವೃತ್ತನಾದರೆ ಅವನ ಗುಡಿಸಲಿಗೆ ಬರುವ ಮುಂದಿನವನೂ ಲಿಂಡ್. ಇಬ್ಬರಿಗೂ ರಕ್ತಸಂಬಂಧ ಇರಬೇಕಾಗಿಲ್ಲ. ನಿವೃತ್ತನಾದವನು ಕೆಲವೊಮ್ಮೆ ತನ್ನ ಹಳೆಯ ನಿಲ್ಸನ್‌ಗೆ ಮರಳುತ್ತಿದ್ದನು, ಕೆಲವೊಮ್ಮೆ ಲಿಂಡ್ ಆಗಿಯೇ ಉಳಿಯುತ್ತಿದ್ದನು. ಮಕ್ಕಳಲ್ಲಿ ಒಬ್ಬ ಲಿಂಡ್, ಇನ್ನೊಬ್ಬ ಆಂಡರ್ಸನ್, ಪಟ್ಟಣ ಸೇರಿದ ಮೂರನೆಯವನು ಲಿಂಡ್‌ಬರ್ಗ್ ಆಗಿರುವ ಮನೆಗಳೂ ಸಿಗುತ್ತವೆ.

ಹುಬ್ಬಳ್ಳಿಯವ

ಹಾಗಾದರೆ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಅಡ್ಡಹೆಸರು, ಪರಕೀಯರಿಬ್ಬರಿಗೆ ಒಂದೇ ಅಡ್ಡಹೆಸರು. ನಮ್ಮ ಕಡೆ ಸಂಬಂಧ ಕುದುರಿಸುವ ಹಿರಿಯರು ಅಲ್ಲಿದ್ದರೆ ಕೆಲಸವನ್ನೇ ಬಿಡುತ್ತಿದ್ದರು.

ಶಿರಸಿ ಓದುಗ

ಬಹಳ ಉಪಯುಕ್ತ ವಿವರ, ಮೇಡಂ. ಒಂದು ಸಂದೇಹ. ದಾಖಲೆಯಲ್ಲಿ ಇಂತಹ ಬದಲಾವಣೆ ಹೇಗೆ ಕಾಣುತ್ತದೆ? ಹೆಸರು ಬದಲಿಸಿದ್ದಕ್ಕೆ ಆಜ್ಞಾಪತ್ರವೇನಾದರೂ ಇರುತ್ತದೆಯೇ?

ಗೋಥೆನ್‌ಬರ್ಗ್ ಕನ್ನಡತಿ

1901ಕ್ಕಿಂತ ಮೊದಲು ಸಾಮಾನ್ಯವಾಗಿ ಅಂಥದ್ದೇನೂ ಇರುವುದಿಲ್ಲ. ಪಾದ್ರಿ ಪುಸ್ತಕದಲ್ಲಿ ಹೊಸ ಹೆಸರು ಬರೆದರೆ ಆಯಿತು.

ಇಲ್ಲಿಯ ಚರ್ಚುಗಳಲ್ಲಿ ‘ಮನೆ ಪರೀಕ್ಷೆಯ ಪುಸ್ತಕ’ ಎಂದು ಕರೆಯಬಹುದಾದ ದಾಖಲೆ ಇರುತ್ತಿತ್ತು. ಪಾದ್ರಿಯು ಪ್ರತಿ ಮನೆಯವರಿಗೆ ಓದಲು ಬರುತ್ತದೆಯೇ, ಧರ್ಮೋಪದೇಶದ ಪಾಠ ಬಾಯಿಪಾಠವಾಗಿದೆಯೇ ಎಂದು ಪರೀಕ್ಷಿಸಿ ಗುರುತು ಹಾಕುತ್ತಿದ್ದನು. ಹತ್ತೊಂಬತ್ತನೆಯ ಶತಮಾನದ ಒಂದು ಪುಟವನ್ನು ತೆರೆದರೆ ಮೇಲೆ ಹೊಲಮನೆಯ ಹೆಸರು, ಅದರ ಕೆಳಗೆ ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಪಕ್ಕದಲ್ಲಿ ಹುಟ್ಟಿದ ದಿನ ಮತ್ತು ಊರು, ಸಿಡುಬಿನ ಲಸಿಕೆಗೊಂದು ಅಂಕಣ, ಓದಿಗೊಂದು ಅಂಕಣ, ಬಲತುದಿಯಲ್ಲಿ ಯಾವಾಗ ಎಲ್ಲಿಂದ ಬಂದರು, ಎಲ್ಲಿಗೆ ಹೋದರು ಎಂಬುದು ಇರುತ್ತದೆ. ಊರು ಬಿಟ್ಟವರ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೀಟು. ತಂದೆಯ ಮನೆಯ ಪುಟದಲ್ಲಿ ‘ನಿಲ್ಸನ್’ ಎಂದಿದ್ದ ಹುಡುಗ ಚಪ್ಪಲಿ ಹೊಲಿಯುವ ಅಥವಾ ಬಟ್ಟೆ ಹೊಲಿಯುವ ಕೆಲಸ ಕಲಿಯಲು ಪಟ್ಟಣಕ್ಕೆ ಹೋಗುತ್ತಾನೆ. ಪಟ್ಟಣದ ಪುಸ್ತಕದಲ್ಲಿ ಅದೇ ಹುಟ್ಟಿದ ದಿನ, ಅದೇ ಹುಟ್ಟೂರು, ಆದರೆ ಹೆಸರು ಲಿಂಡ್‌ಕ್ವಿಸ್ಟ್. ವ್ಯಕ್ತಿಯನ್ನು ಹಿಡಿಯಬೇಕಾದದ್ದು ಹುಟ್ಟಿದ ದಿನದಿಂದ, ಅಡ್ಡಹೆಸರಿನಿಂದಲ್ಲ. ಹಳ್ಳಿಯ ಹುಡುಗ ಪೇಟೆಗೆ ಬಂದು ಪಂಚೆ ಬಿಟ್ಟು ಪ್ಯಾಂಟು ತೊಟ್ಟಂತೆ ಇದೂ ಒಂದು ಬದಲಾವಣೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

1901ರಲ್ಲಿ ಮನೆತನದ ಹೆಸರುಗಳ ಕುರಿತ ರಾಜಾಜ್ಞೆ ಬಂದಿತು. ಅಲ್ಲಿಂದ ಮುಂದೆ ಹೆಸರು ಬದಲಿಸಲು ಅರ್ಜಿ ಹಾಕಬೇಕಾಯಿತು, ತಂದೆಯ ಹೆಸರಿನಿಂದ ಕಟ್ಟಿದ ನಿಲ್ಸನ್, ಆಂಡರ್ಸನ್‌ಗಳು ಹಾಗೆಯೇ ಹೆಪ್ಪುಗಟ್ಟಿ ವಂಶದ ಹೆಸರಾದವು. ಮೇಲೆ ಹೇಳಿದ ರೋಟೆಯ ಸೈನ್ಯಪದ್ಧತಿಯನ್ನು ಕೈಬಿಟ್ಟು ಕಡ್ಡಾಯ ಸೈನಿಕ ಸೇವೆ ತರುವ ನಿರ್ಧಾರವಾದದ್ದೂ ಅದೇ 1901ರಲ್ಲಿ.

ಸಸ್ಯಪ್ರಿಯ

ಬರವಣಿಗೆಯ ಭೇದದ ಬಗ್ಗೆಯೂ ಹೇಳಬಹುದೇ? ‘ಕ್ವಿಸ್ಟ್’ ಎಂಬುದನ್ನು ಮೂರು ಬಗೆಯಲ್ಲಿ ಬರೆದದ್ದನ್ನು ಕಂಡಿದ್ದೇನೆ.

ಗೋಥೆನ್‌ಬರ್ಗ್ ಕನ್ನಡತಿ

ಕ್ಯೂ ಮತ್ತು ವಿ, ಕ್ಯೂ ಮತ್ತು ಯು, ಕೆ ಮತ್ತು ವಿ. ಸಾಮಾನ್ಯ ಪದದಲ್ಲಿ ಕಾಗುಣಿತ ಸುಧಾರಣೆಯಾಗಿ ಕೆ ಅಕ್ಷರ ನೆಲೆಸಿತು. ಮನೆತನದ ಹೆಸರಿನಲ್ಲಿ ಹಳೆಯ ಕ್ಯೂ ಉಳಿದುಕೊಂಡಿತು, ಏಕೆಂದರೆ ಅದಕ್ಕೆ ಹಳಮೆಯ ಗತ್ತು ಇತ್ತು. ಮೂವರ ಉಚ್ಚಾರವೂ ಒಂದೇ. ಈ ಭೇದದಿಂದ ಕುಲಭೇದವನ್ನು ತೀರ್ಮಾನಿಸುವುದು ಅಪಾಯ. ಒಬ್ಬನೇ ವ್ಯಕ್ತಿಯನ್ನು ಇಬ್ಬರು ಪಾದ್ರಿಗಳು ಎರಡು ರೀತಿ ಬರೆದಿರುತ್ತಾರೆ.

ವಂಶವೃಕ್ಷ

ಅಮೆರಿಕದ ಕಡೆಗೆ ಬರೋಣ, ಏಕೆಂದರೆ ಹರಡುವಿಕೆಯ ಅರ್ಧ ಕಥೆ ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಹನ್ನೆರಡು ಲಕ್ಷಕ್ಕೂ ಹೆಚ್ಚು ಸ್ವೀಡನ್ನಿಗರು ಉತ್ತರ ಅಮೆರಿಕಕ್ಕೆ ವಲಸೆ ಹೋದರು. ಮಿನೆಸೋಟದಂತಹ ಕಡೆ ಒಂದೇ ಊರಿನಲ್ಲಿ ಎಷ್ಟೋ ಜನ ಆಂಡರ್ಸನ್‌ಗಳು ಕೂಡಿಕೊಂಡಾಗ ಅಂಚೆಯ ಕಾಗದ ಬೇರೆಯವರ ಮನೆ ಸೇರುವುದು ಸಹಜ. ಹಲವರು ಅಲ್ಲಿಯೇ ನಿಸರ್ಗದ ಹೆಸರು ಇಟ್ಟುಕೊಂಡರು. ಮೊದಲೇ ಇದ್ದ ಹೆಸರುಗಳು ಇಂಗ್ಲಿಷ್ ನಾಲಿಗೆಗೆ ಹೊಂದಿಕೊಂಡವು: ಷೋಬರ್ಗ್ ಕೆಲವರಲ್ಲಿ ಸೀಬರ್ಗ್ ಆಯಿತು, ಷೋಸ್ಟ್ರಾಂಡ್ ಸೀಸ್ಟ್ರಾಂಡ್ ಆಯಿತು. ಲಿಂಡ್‌ನ ಕುಟುಂಬಕ್ಕೆ ಈ ತೊಂದರೆ ಬರಲಿಲ್ಲ. ಇಂಗ್ಲಿಷಿನವರಿಗೂ ಅದು ಸುಲಭ. ಗಾಯಕಿ ಜೆನ್ನಿ ಲಿಂಡ್ 1850ರಲ್ಲಿ ಅಮೆರಿಕದ ಪ್ರವಾಸ ಮಾಡಿ ಮನೆಮಾತಾದ ಮೇಲಂತೂ ಲಿಂಡ್ ಎಂಬುದು ಅಲ್ಲಿ ಪರಿಚಿತ ಶಬ್ದವೇ ಆಗಿತ್ತು.

ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಕೆಡಿಸಿದರೆಂಬ ಜನಪ್ರಿಯ ಕಥೆಯನ್ನು ದಯವಿಟ್ಟು ಇಲ್ಲಿ ಯಾರೂ ಹೇಳಬೇಡಿ. ಆ ಕೇಂದ್ರ ತೆರೆದದ್ದು 1892ರಲ್ಲಿ. ಅಷ್ಟರೊಳಗೆ ಸ್ವೀಡನ್ನಿನಿಂದ ಲಕ್ಷಾಂತರ ಜನ ಬಂದಿಳಿದಿದ್ದರು. ಗುಮಾಸ್ತರು ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಹಿಡಿದು ಪರಿಶೀಲಿಸುತ್ತಿದ್ದರೇ ಹೊರತು ಹೊಸ ಹೆಸರು ಹಂಚುತ್ತಿರಲಿಲ್ಲ. ಹೆಸರು ಬದಲಿಸಿದವರು ವಲಸಿಗರೇ.

ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ನ ಮನೆತನ. ಆತನ ಅಜ್ಜ ಸ್ಕೋನೆ ಪ್ರಾಂತ್ಯದ ಓಲಾ ಮೋನ್ಸನ್, ಅಂದರೆ ಮೋನ್ಸ್‌ನ ಮಗ. ಸ್ವೀಡನ್ನಿನ ಸಂಸತ್ತಿನಲ್ಲಿ ರೈತವರ್ಗದ ಪ್ರತಿನಿಧಿಯಾಗಿದ್ದವನು, ಬ್ಯಾಂಕಿನ ಜವಾಬ್ದಾರಿಯೂ ಇತ್ತು. ಹಣ ದುರುಪಯೋಗದ ಆರೋಪ ಬಂದಾಗ 1859ರಲ್ಲಿ ಊರಿನ ಸಂಸಾರವನ್ನು ಬಿಟ್ಟು, ತನ್ನ ಪ್ರೇಯಸಿಯನ್ನೂ ಕೈಗೂಸನ್ನೂ ಕರೆದುಕೊಂಡು ಅಮೆರಿಕಕ್ಕೆ ಹೋಗಿ ಮಿನೆಸೋಟದಲ್ಲಿ ನೆಲೆಸಿದನು. ಅಲ್ಲಿ ಅವನು ಆಗಸ್ಟ್ ಲಿಂಡ್‌ಬರ್ಗ್. ಆ ಕೈಗೂಸು ಬೆಳೆದು 1907ರಿಂದ 1917ರವರೆಗೆ ಅಮೆರಿಕದ ಕಾಂಗ್ರೆಸ್ ಸದಸ್ಯನಾದನು. ಅವನ ಮಗನೇ 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಒಂಟಿಯಾಗಿ ವಿಮಾನ ಹಾರಿಸಿದವನು. ಜಗತ್ತಿನ ಅತಿ ಪ್ರಸಿದ್ಧ ಲಿಂಡ್‌ಬರ್ಗ್ ಎಂಬ ಹೆಸರಿಗೂ ಸ್ವೀಡನ್ನಿನ ಯಾವ ಲಿಂಡ್ ಮರಕ್ಕೂ ಸಂಬಂಧವಿದ್ದಂತಿಲ್ಲ. ಇದು ಕನ್ನಡತಿಯವರ ವಾದಕ್ಕೇ ಬಲ ಕೊಡುತ್ತದೆಂಬುದು ನನಗೆ ಗೊತ್ತು.

ಹಾಗೆಯೇ ನೆರೆಯ ನಾರ್ವೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿಯ ಬೆರ್ಗ್, ಬಕ್ಕೆ, ಹೌಗೆನ್‌ಗಳು ಬಹುಪಾಲು ಆ ಕುಟುಂಬ ವಾಸವಿದ್ದ ಹೊಲಮನೆಯ ನಿಜ ಹೆಸರುಗಳು. ಇನ್ನು ರೋಸೆನ್‌ಬರ್ಗ್ ಎಂದರೆ ಯಹೂದಿಗಳೇ ಎಂದು ಭಾವಿಸುವವರಿದ್ದಾರೆ. ಸ್ವೀಡನ್ನಿನಲ್ಲಿ ಅದು ರೋಸೆನ್‌ಕ್ವಿಸ್ಟ್‌ನಂತೆಯೇ ಒಂದು ಜೋಡಣೆಯಾಗಿರಬಹುದು.

ಹೆಲ್ಸಿಂಕಿ ನಿವಾಸಿ

ಫಿನ್‌ಲ್ಯಾಂಡನ್ನು ಯಾರೂ ಮುಟ್ಟಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. 1809ರವರೆಗೆ ಇದು ಸ್ವೀಡನ್ನಿನ ಭಾಗ. ಆಡಳಿತವೂ ಚರ್ಚಿನ ದಾಖಲೆಗಳೂ ಬಹುಪಾಲು ಸ್ವೀಡಿಷ್‌ನಲ್ಲಿ ಇರುತ್ತಿದ್ದವು. ಹಾಗಾಗಿ ಫಿನ್ನಿಶ್ ಮಾತನಾಡುವ ಮನೆಗಳಿಗೂ ಲಿಂಡ್‌ಹೋಲ್ಮ್, ಲಿಂಡ್‌ಸ್ಟ್ರೋಮ್, ಲಿಂಡ್‌ಕ್ವಿಸ್ಟ್‌ಗಳು ಬಂದವು. ಫಿನ್ನಿಶ್ ಜನಪದ ಕಾವ್ಯವನ್ನು ಸಂಗ್ರಹಿಸಿದ ಎಲಿಯಾಸ್ ಲೋನ್‌ರೂಟ್ ಒಬ್ಬ ದರ್ಜಿಯ ಮಗ. ಆತನ ಅಡ್ಡಹೆಸರು ‘ಮೇಪಲ್ ಮರದ ಬೇರು’ ಎಂಬರ್ಥದ ಸ್ವೀಡಿಷ್ ಜೋಡಣೆ.

ಫಿನ್ನಿಶ್ ಭಾಷಾಭಿಮಾನ ಬೆಳೆದ ಮೇಲೆ ಗಾಳಿ ತಿರುಗಿತು. ಚಿಂತಕ ಸ್ನೆಲ್‌ಮನ್‌ನ ಜನ್ಮಶತಮಾನೋತ್ಸವವಾದ 1906ರ ಮೇ 12ನ್ನು ನಿಮಿತ್ತವಾಗಿಟ್ಟುಕೊಂಡು ಹತ್ತಾರು ಸಾವಿರ ಜನ ಸ್ವೀಡಿಷ್ ಅಡ್ಡಹೆಸರನ್ನು ಬಿಟ್ಟು ಫಿನ್ನಿಶ್ ಹೆಸರು ಇಟ್ಟುಕೊಂಡರು. ಅದಕ್ಕೆ ಮೊದಲೇ ದಾರಿ ತೋರಿಸಿದವರೂ ಇದ್ದರು. ಜಲಪಾತ ಎಂಬರ್ಥದ ‘ಫೋರ್ಸ್’ ಇದ್ದ ಇತಿಹಾಸಕಾರ ಫೋರ್ಸ್‌ಮನ್, ಅದೇ ಅರ್ಥದ ‘ಕೋಸ್ಕಿ’ಯನ್ನು ಹಿಡಿದು ಕೋಸ್ಕಿನೆನ್ ಆದನು. ಮುಂದೆ ದೇಶದ ಅಧ್ಯಕ್ಷನಾದ ಪಾಸಿಕಿವಿ ಹುಟ್ಟಿದ್ದು ಹೆಲ್‌ಸ್ಟೇನ್ ಎಂಬ ಹೆಸರಿನಲ್ಲಿ. ಹಾಸುಬಂಡೆ ಮತ್ತು ಕಲ್ಲು ಎರಡೂ ಭಾಷೆ ಬದಲಿಸಿದವು, ಆದರೆ ನಿಸರ್ಗದ ಎರಡು ತುಂಡು ಜೋಡಿಸುವ ಪದ್ಧತಿ ಬದಲಾಗಲಿಲ್ಲ. ಸ್ವೀಡಿಷ್‌ತನವನ್ನು ತೊರೆಯಲು ಹೊರಟವರು ಸ್ವೀಡಿಷ್ ಅಚ್ಚಿನಲ್ಲೇ ಹೊಸ ಹೆಸರು ಎರಕ ಹೊಯ್ದದ್ದು ನನಗೆ ಸ್ವಾರಸ್ಯವಾಗಿ ಕಾಣುತ್ತದೆ. ಹೆಸರು ಬದಲಿಸದೆ ಉಳಿದ ಫಿನ್ನಿಶ್ ಭಾಷಿಕ ಲಿಂಡ್‌ಕ್ವಿಸ್ಟರೂ ಇಲ್ಲಿ ಬೇಕಾದಷ್ಟಿದ್ದಾರೆ.

ಹುಬ್ಬಳ್ಳಿಯವ

ಈಗಿನ ಕಾನೂನು ಏನು ಹೇಳುತ್ತದೆ? ಅಲ್ಲಿ ನೆಲೆಸಿದ ಕನ್ನಡಿಗನೊಬ್ಬ ನಾಳೆ ಲಿಂಡ್‌ಕ್ವಿಸ್ಟ್ ಆಗಬಹುದೇ?

ಗೋಥೆನ್‌ಬರ್ಗ್ ಕನ್ನಡತಿ

ಆಗಬಹುದು. 2017ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಕನಿಷ್ಠ 2000 ಜನರಿಗೆ ಇರುವ ಅಡ್ಡಹೆಸರನ್ನು ಇಲ್ಲಿ ನೋಂದಾಯಿತರಾದ ಯಾರಾದರೂ ಕೇಳಿ ಪಡೆಯಬಹುದು. ಅರ್ಜಿ ಹೋಗುವುದು ತೆರಿಗೆ ಇಲಾಖೆಗೆ. ಲಿಂಡ್‌ಬರ್ಗ್, ಲಿಂಡ್‌ಸ್ಟ್ರೋಮ್, ಲಿಂಡ್‌ಕ್ವಿಸ್ಟ್, ಲಿಂಡ್‌ಗ್ರೇನ್ ನಾಲ್ಕೂ ಆ ಮಿತಿಯನ್ನು ಎಷ್ಟೋ ಪಟ್ಟು ದಾಟಿವೆ. ‘ಸನ್’ ಎಂದು ಮುಗಿಯದ ಹೆಸರುಗಳಲ್ಲಿ ಲಿಂಡ್‌ಬರ್ಗ್ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಕಡಿಮೆ ಜನರಿಗಿರುವ ಹೆಸರುಗಳಿಗೆ ಮಾತ್ರ ರಕ್ಷಣೆಯಿದೆ. ಅವನ್ನು ಹೊರಗಿನವರು ಹಾಗೆ ಎತ್ತಿಕೊಳ್ಳುವಂತಿಲ್ಲ.

ನಾನಂತೂ ಬದಲಿಸಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿರುವುದು ತಂದೆಯ ಹೆಸರು, ಗಂಡನದರಲ್ಲಿ ಅವರ ತಂದೆಯ ಹೆಸರು, ಮಗಳದರಲ್ಲಿ ಗಂಡನ ಹೆಸರು. ಮೂವರಿಗೂ ಮೂರು ಅಡ್ಡಹೆಸರು ಏಕೆಂದು ಶಾಲೆಯ ಶಿಕ್ಷಕಿಗೆ ವಿವರಿಸಬೇಕಾದಾಗ, ನಿಮ್ಮ ಮುತ್ತಜ್ಜಿಯ ಕಾಲದ ಪದ್ಧತಿಯೇ ನಮ್ಮದು ಎಂದು ಹೇಳಿದೆ. ಅವರಿಗೆ ಕೂಡಲೇ ಅರ್ಥವಾಯಿತು.

ಶಿರಸಿ ಓದುಗ

ಎಲ್ಲರಿಗೂ ಧನ್ಯವಾದಗಳು. ನಮ್ಮ ತಂಡದ ಲಿಂಡ್‌ಕ್ವಿಸ್ಟ್ ಅವರು ಈ ಚರ್ಚೆಯ ಸಾರ ಕೇಳಿ ಆಸಕ್ತರಾಗಿದ್ದಾರೆ. ತಮ್ಮ ಮುತ್ತಜ್ಜ ಪೆರ್ಸನ್ ಆಗಿದ್ದನೆಂಬುದಷ್ಟೇ ಅವರಿಗೆ ಗೊತ್ತು. ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು?

ಗೋಥೆನ್‌ಬರ್ಗ್ ಕನ್ನಡತಿ

ಮುತ್ತಜ್ಜನ ಹುಟ್ಟಿದ ದಿನ ಮತ್ತು ಹುಟ್ಟಿದ ಚರ್ಚಿನ ಹೋಬಳಿ, ಈ ಎರಡು ಸಿಕ್ಕರೆ ಸಾಕು. ರಾಷ್ಟ್ರೀಯ ದಾಖಲೆ ಭಂಡಾರದ ತಾಣದಲ್ಲಿ ಚರ್ಚಿನ ಪುಸ್ತಕಗಳ ಡಿಜಿಟಲ್ ಪ್ರತಿಗಳು ಉಚಿತವಾಗಿ ದೊರೆಯುತ್ತವೆ. ಪೆರ್ಸನ್ ಎಂದು ಬರೆದಿರುವ ಕೊನೆಯ ಪುಟ ಮತ್ತು ಲಿಂಡ್‌ಕ್ವಿಸ್ಟ್ ಎಂದು ಬರೆದಿರುವ ಮೊದಲ ಪುಟ ಎರಡನ್ನೂ ಹಿಡಿದ ಮೇಲೆ, ನಡುವಿನ ವರ್ಷಗಳಲ್ಲಿ ಅವನು ಯಾವ ಊರಿಗೆ ಹೋದ, ಯಾವ ಕಸುಬಿಗೆ ಸೇರಿದ ಎಂಬುದನ್ನು ಬಲತುದಿಯ ಅಂಕಣದಲ್ಲಿ ನೋಡಲು ಹೇಳಿ. ಅಲ್ಲಿ ‘ಸೈನಿಕ’ ಎಂದಿದ್ದರೆ ಸೇನೆಯ ಹಾಜರಿ ಪಟ್ಟಿಗಳಿಗೆ ಹೋಗಬೇಕು. ‘ಕುಶಲಕರ್ಮಿಯ ಶಿಷ್ಯ’ ಎಂದಿದ್ದರೆ ಪಟ್ಟಣದ ಚರ್ಚಿನ ಪುಸ್ತಕವೇ ಸಾಕು. 1901ರ ನಂತರದ ಬದಲಾವಣೆಯಾಗಿದ್ದರೆ ಅರ್ಜಿಯ ಕಡತವನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ. ಮುತ್ತಜ್ಜನ ಅಣ್ಣತಮ್ಮಂದಿರ ಪುಟಗಳನ್ನೂ ಬಿಡದೆ ನೋಡಲಿ. ಅವರಲ್ಲಿ ಒಬ್ಬ ಲಿಂಡ್‌ಬರ್ಗ್, ಇನ್ನೊಬ್ಬ ಪೆರ್ಸನ್ ಆಗಿಯೇ ಉಳಿದಿರುವ ಸಂಭವವಿದೆ.